ಫಿಟ್ಸ್ ಇರುವ ಮನೆಯಲ್ಲಿ ಜೀನ್ ಪರೀಕ್ಷೆ: "ಯಾರ ಕಡೆಯಿಂದ ಬಂತು?" ಅನ್ನುವ ಮೊದಲು "ಮುಂದೇನು?" ಅಂತ ಕೇಳೋಣ

*ಪರವೂರಿನ ಕನ್ನಡ ಕುಟುಂಬಗಳಿಗಾಗಿ ಆರೋಗ್ಯ ಮಾಲಿಕೆ*



ಮಗುವಿಗೆ ಫಿಟ್ಸ್ ಬರುತ್ತಿದೆ. ಇಇಜಿ ಆಯಿತು, ಎಂಆರ್‌ಐ ಆಯಿತು, ಎರಡು ಸಲ ಔಷಧಿಯೂ ಬದಲಾಯಿತು. ಒಂದು ದಿನ ಪುಣೆಯ ವೈದ್ಯರು "ಒಂದು ಜೆನೆಟಿಕ್ ಟೆಸ್ಟ್ ಮಾಡಿಸೋಣ" ಅನ್ನುತ್ತಾರೆ. ಅಲ್ಲಿಯವರೆಗೆ ಎಲ್ಲ ಪರೀಕ್ಷೆಗೂ ಹೂಂ ಅಂದ ಮನೆಯವರು ಈ ಮಾತಿಗೆ ಮಾತ್ರ ಸುಮ್ಮನಾಗುತ್ತಾರೆ.

ಖರ್ಚು ಒಂದು ಕಾರಣ, ನಿಜ. ಆದರೆ ಅದೊಂದೇ ಅಲ್ಲ. "ವಂಶದ್ದು ಅಂತ ಬರೆದುಕೊಟ್ಟರೆ ಮಗಳ ಮದುವೆ ಹೇಗೆ?" ಎಂದು ಅಪ್ಪನಿಗೆ ಚಿಂತೆ. "ನನ್ನ ತವರಿನಿಂದ ಬಂತು ಅಂತಾದರೆ ಜೀವನಪೂರ್ತಿ ಮಾತು ಕೇಳಬೇಕು" ಎಂದು ಅಮ್ಮನಿಗೆ ಅಳುಕು. "ನಮ್ಮ ಮನೆತನದಲ್ಲಿ ಇಂಥದ್ದು ಇಲ್ಲವೇ ಇಲ್ಲ" ಎಂದು ಊರಿನಿಂದ ಅಜ್ಜಿಯ ಫೋನು. ಪುಣೆಯಲ್ಲಿ ನಮ್ಮ ಕನ್ನಡದವರ ಬಳಗ ದೊಡ್ಡದಾದರೂ ಒಂದು ಮನೆಯ ಮಾತು ಹತ್ತು ಮನೆಗೆ ಮುಟ್ಟಲು ಹೆಚ್ಚು ಹೊತ್ತು ಬೇಡ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗೆ ಬಂದ ವಿಜಯಪುರದವರಿರಲಿ, ಹೋಟೆಲ್ ನಡೆಸುವ ಉಡುಪಿಯವರಿರಲಿ, ಹಿಂಜವಡಿಯ ಐಟಿ ಕಂಪನಿಯಲ್ಲಿರುವ ಮೈಸೂರಿನವರಿರಲಿ, ಈ ಭಯ ಎಲ್ಲರದ್ದೂ ಒಂದೇ.

ಹೀಗೆ ಹೆದರಿ ಕೆಲವರು ಬೇಕಾದ ಪರೀಕ್ಷೆಯನ್ನು ಬಿಡುತ್ತಾರೆ. ಇನ್ನು ಕೆಲವರು ಬೇಡದ ಪರೀಕ್ಷೆಗೆ ದುಡ್ಡು ಹಾಕುತ್ತಾರೆ. ಎರಡರಿಂದಲೂ ನಷ್ಟ. ಇವತ್ತು ಇದನ್ನೇ ಸಮಾಧಾನವಾಗಿ ನೋಡೋಣ.

*ಮೊದಲು ಒಂದು ಮಾತು: ಎಲ್ಲ ಫಿಟ್ಸೂ ವಂಶದ್ದಲ್ಲ*

ಅಪಸ್ಮಾರ, ಮೂರ್ಛೆರೋಗ, ಫಿಟ್ಸ್, ಉತ್ತರ ಕರ್ನಾಟಕದ ಕಡೆ "ಮೂರ್ಛೆ ಬ್ಯಾನಿ", ಇಲ್ಲಿ ಮರಾಠಿಯಲ್ಲಿ "ಆಕಡಿ", "ಫೆಫರೆ", "ಮಿರಗಿ". ಹೆಸರು ಹಲವು. ಮೆದುಳಿನ ನರಕೋಶಗಳಲ್ಲಿ ಒಮ್ಮೆಲೇ ವಿದ್ಯುತ್ ಏರುಪೇರಾಗುವುದೇ ಇದರ ಮೂಲ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ಈ ತೊಂದರೆ ಇದೆ. ಸರಿಯಾದ ಔಷಧಿಯನ್ನು ತಪ್ಪದೆ ತೆಗೆದುಕೊಂಡರೆ 10ರಲ್ಲಿ 7 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕಾರಣಗಳು ಬೇರೆ ಬೇರೆ. ಹೆರಿಗೆಯ ವೇಳೆ ಮಗುವಿನ ಮೆದುಳಿಗೆ ಆದ ಪೆಟ್ಟು, ಬೈಕಿನಿಂದ ಬಿದ್ದು ತಲೆಗಾದ ಗಾಯ, ಮೆದುಳು ಜ್ವರ, ಪಾರ್ಶ್ವವಾಯು, ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಸೇರಿ ಮೆದುಳಲ್ಲಿ ಗಂಟಾಗುವುದು. ಈ ಕೊನೆಯದು ನಮ್ಮ ದೇಶದಲ್ಲಿ ಸಾಮಾನ್ಯ, ಸಸ್ಯಾಹಾರಿಗಳಿಗೂ ಬರುತ್ತದೆ. ಕೈ ತೊಳೆಯದೆ ಮಾಡಿದ ಅಡುಗೆ, ಕೊಳಕು ನೀರಲ್ಲಿ ತೊಳೆದ ಹಸಿ ತರಕಾರಿ ಸಾಕು. ಇಂಥ ಕಾರಣ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಂಡಾಗ ಸಾಮಾನ್ಯವಾಗಿ ಜೀನ್ ಪರೀಕ್ಷೆಯ ಮಾತೇ ಬರುವುದಿಲ್ಲ.

ಇಂಥ ಯಾವ ಕಾರಣವೂ ಕಾಣದಿದ್ದಾಗ ವೈದ್ಯರು ವಂಶವಾಹಿಯ ಕಡೆ, ಅಂದರೆ ಜೀನ್‌ನ ಕಡೆ ನೋಡುತ್ತಾರೆ. ಅಪಸ್ಮಾರಕ್ಕೆ ಕಾರಣವಾದ ಮೊದಲ ಜೀನ್ ಗೊತ್ತಾದದ್ದು 1995ರಲ್ಲಿ. ಈಗ ಅಂಥ ಜೀನ್‌ಗಳ ಪಟ್ಟಿ ನೂರಾರಕ್ಕೆ ಏರಿದೆ. ಹಾಗಂತ "ಅಪ್ಪನಿಗೆ ಇದ್ದರೆ ಮಗನಿಗೆ ಬಂದೇ ಬರುತ್ತದೆ" ಎಂಬ ಮಾತು ಸುಳ್ಳು. ಅಮೆರಿಕದ ರೋಚೆಸ್ಟರ್ ಊರಿನಲ್ಲಿ ದಶಕಗಳ ಆಸ್ಪತ್ರೆ ದಾಖಲೆಗಳನ್ನು ಜಾಲಾಡಿ ಒಂದು ಲೆಕ್ಕ ಮಾಡಿದ್ದಾರೆ. 40 ವರ್ಷದೊಳಗೆ ಅಪಸ್ಮಾರ ಬರುವ ಸಾಧ್ಯತೆ ಸಾಮಾನ್ಯ ಜನರಲ್ಲಿ 100ಕ್ಕೆ 1.3. ಅಪಸ್ಮಾರ ಇದ್ದವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ 100ಕ್ಕೆ 4.7. ಹೆಚ್ಚಿರುವುದು ಹೌದು. ಆದರೆ ಹತ್ತಿರದ ಸಂಬಂಧಿಕರಲ್ಲೂ 100ರಲ್ಲಿ 95 ಮಂದಿಗೆ ಬರುವುದಿಲ್ಲ ಎಂಬುದನ್ನೂ ಅದೇ ಲೆಕ್ಕ ಹೇಳುತ್ತದೆ.

ಇದು ಎಲ್ಲ ಬಗೆಯ ಅಪಸ್ಮಾರ ಸೇರಿಸಿದ ಸರಾಸರಿ. ಕೆಲವು ಮನೆತನಗಳಲ್ಲಿ ಒಂದೇ ಜೀನ್‌ನ ದೋಷದಿಂದ ತಲೆಮಾರು ತಲೆಮಾರಿಗೆ ಕಾಣಿಸುವ ವಿಧಗಳೂ ಇವೆ, ಅಲ್ಲಿ ಲೆಕ್ಕ ಬೇರೆ. ನಿಮ್ಮ ಮನೆಯದು ಯಾವ ಬಗೆ ಎಂದು ತಿಳಿಯುವುದೇ ಮೊದಲ ಕೆಲಸ.

*ನಮ್ಮ ಕರ್ನಾಟಕದ್ದೇ ಒಂದು ಕಥೆ: ಬಿಸಿನೀರಿನ ಫಿಟ್ಸ್*

ಹಳೇ ಮೈಸೂರು ಸೀಮೆಯವರು ಕೆಲವರು ಇದನ್ನು ಕೇಳಿರುತ್ತೀರಿ. ತಲೆಗೆ ಚೊಂಬಿನಿಂದ ಬಿಸಿ ಬಿಸಿ ನೀರು ಸುರಿದುಕೊಳ್ಳುವಾಗ ಮೈಮರೆವು, ತೊದಲು ಮಾತು, ಕೆಲವೊಮ್ಮೆ ಪೂರ್ತಿ ಫಿಟ್ಸ್. ಹೊರದೇಶಗಳಲ್ಲಿ ತೀರಾ ಅಪರೂಪವಾದ ಈ ಬಗೆ ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪವಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮೊದಲಾದವರು ಇದನ್ನು ಗುರುತಿಸಿ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿ, ಇದು ಈ ಸೀಮೆಗೆ ವಿಶೇಷವಾದ ಅಪಸ್ಮಾರ ಎಂದು ತೋರಿಸಿದರು.

ಇವರಲ್ಲಿ ಕೆಲವರ ಮನೆಗಳಲ್ಲಿ ಅಣ್ಣನಿಗೂ ಇತ್ತು, ಚಿಕ್ಕಪ್ಪನಿಗೂ ಇತ್ತು. ಹಾಗಾಗಿ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ಪ್ರೊ. ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ವೈದ್ಯರೊಂದಿಗೆ ಸೇರಿ ಇಂಥ ಕುಟುಂಬಗಳ ರಕ್ತ ಪರೀಕ್ಷಿಸಿತು. 2009ರಲ್ಲಿ 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಇದಕ್ಕೆ ಸಂಬಂಧಿಸಿದ ಜಾಗಗಳಿವೆ ಎಂದು ತಿಳಿಯಿತು. 2017ರಲ್ಲಿ ಕೆಲವು ರೋಗಿಗಳಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನ್‌ನ ಅಪರೂಪದ ಬದಲಾವಣೆಗಳು ಕಂಡವು. ನರಕೋಶಗಳ ನಡುವಿನ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಒಳಗೆ ಎಳೆದುಕೊಳ್ಳಲು ಬೇಕಾದ ಪ್ರೋಟೀನನ್ನು ತಯಾರಿಸುವ ಜೀನ್ ಅದು.

ಈ ಕಥೆಯಲ್ಲಿ ನಮಗೆ ಎರಡು ಪಾಠ ಇದೆ. ಒಂದು, ಮನೆಯ ಗುಟ್ಟು ಎಂದು ಮುಚ್ಚಿಡದೆ ಮಾತಾಡಿದ ಕುಟುಂಬಗಳಿಂದಲೇ ಇಷ್ಟು ತಿಳಿಯಿತು. ಎರಡು, ಇದಕ್ಕೆ ಚಿಕಿತ್ಸೆ ಜೀನ್ ವರದಿಗೆ ಕಾಯುವುದಿಲ್ಲ. ನೀರಿನ ಬಿಸಿ ಇಳಿಸಿ ಉಗುರುಬೆಚ್ಚಗೆ ಮಾಡುವುದು, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಸ್ನಾನದ ಮನೆಗೆ ಒಳಗಿನಿಂದ ಚಿಲಕ ಹಾಕದಿರುವುದು ಮೊದಲ ಹೆಜ್ಜೆ. ಅದು ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಹೆಚ್ಚಿನವರಿಗೆ ಇಷ್ಟರಲ್ಲೇ ಹತೋಟಿಗೆ ಬರುತ್ತದೆ. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಬರಬಹುದು. ಅವರಿಗೆ ದಿನವೂ ಔಷಧಿ ಬೇಕು.

ಪುಣೆಯ ಡಿಸೆಂಬರ್ ಚಳಿಯಲ್ಲಿ ಗೀಸರ್ ಜೋರಾಗಿಯೇ ಓಡುತ್ತದೆ. ನಿಮ್ಮದು ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯಾಗಿದ್ದು, ಫಿಟ್ಸ್ ಸ್ನಾನದ ವೇಳೆಯಲ್ಲೇ ಬರುತ್ತಿದ್ದರೆ, ಇಲ್ಲಿನ ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

*ಜೀನ್ ಪರೀಕ್ಷೆಯಿಂದ ಚಿಕಿತ್ಸೆಯೇ ಬದಲಾಗುವ ಸಂದರ್ಭಗಳು*

ಇನ್ನೊಂದು ಕಡೆ, ಜೀನ್ ಪರೀಕ್ಷೆ ತಡಮಾಡಬಾರದ ಮಕ್ಕಳಿದ್ದಾರೆ. ಒಂದು ವರ್ಷ ತುಂಬುವ ಮೊದಲೇ, ಜ್ವರ ಬಂದಾಗ ಅಥವಾ ಬಿಸಿನೀರು ಸ್ನಾನದಲ್ಲಿ ಫಿಟ್ಸ್ ಬಂದು ಬಹಳ ಹೊತ್ತು ನಿಲ್ಲದಿದ್ದರೆ, ಮೈಯ ಒಂದು ಬದಿ ಮಾತ್ರ ಅದುರಿದರೆ, ಮತ್ತೆ ಮತ್ತೆ ಹಾಗೇ ಆದರೆ, ಅದು ಡ್ರವೆ ಸಿಂಡ್ರೋಮ್ ಆಗಿರಬಹುದು. ಎಸ್‌ಸಿಎನ್1ಎ ಎಂಬ ಜೀನ್‌ನ ದೋಷದಿಂದ ಬರುವ ಕಾಯಿಲೆ ಇದು. ಇಂಥ ಮಕ್ಕಳಿಗೆ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್‌ನಂಥ ಸಾಮಾನ್ಯ ಔಷಧಿಗಳು ಫಿಟ್ಸನ್ನು ಇನ್ನಷ್ಟು ಹೆಚ್ಚಿಸಬಹುದು. ವರದಿ ಬಂದರೆ ಔಷಧಿಯ ದಾರಿಯೇ ಬದಲಾಗುತ್ತದೆ.

ಇಂಥ ಮಕ್ಕಳ ತಾಯಂದಿರು "ಲಸಿಕೆ ಹಾಕಿಸಿದ ದಿನವೇ ಶುರುವಾಯಿತು, ನಾನೇ ಹಾಕಿಸಿದೆ" ಎಂದು ಕೊರಗುತ್ತಾರೆ. ಆಸ್ಟ್ರೇಲಿಯಾದ ವೈದ್ಯರು 2006ರಲ್ಲಿ, ಲಸಿಕೆಯಿಂದ ಮೆದುಳಿಗೆ ಹಾನಿಯಾಯಿತು ಎನ್ನಲಾದ 14 ಜನರನ್ನು ಪರೀಕ್ಷಿಸಿದಾಗ 11 ಮಂದಿಯಲ್ಲಿ ಇದೇ ಜೀನ್‌ನ ದೋಷ ಸಿಕ್ಕಿತು. ಲಸಿಕೆಯ ಜ್ವರ ಮೊದಲ ಫಿಟ್ಸನ್ನು ಎಬ್ಬಿಸಿರಬಹುದು, ಕಾಯಿಲೆಯನ್ನು ತಂದದ್ದು ಅದಲ್ಲ. ಒಂದು ವರದಿ ತಾಯಿಯ ಎದೆಯ ಭಾರವನ್ನು ಹೀಗೂ ಇಳಿಸಬಲ್ಲದು.

ಇನ್ನೂ ಕೆಲವು ಉದಾಹರಣೆಗಳು:

• ರಕ್ತದ ಸಕ್ಕರೆಯನ್ನು ಮೆದುಳಿಗೆ ಸಾಗಿಸುವ ಗ್ಲುಟ್1 ಪ್ರೋಟೀನ್ ಕೊರತೆ. ಇದಕ್ಕೆ ಮುಖ್ಯ ಚಿಕಿತ್ಸೆ ಆಹಾರವೇ: ಕೊಬ್ಬು ಹೆಚ್ಚು, ಅನ್ನ-ರೊಟ್ಟಿ-ಸಕ್ಕರೆ ತೀರಾ ಕಡಿಮೆ ಇರುವ ಕೀಟೋಜೆನಿಕ್ ಪಥ್ಯ. ವೈದ್ಯರ ನಿಗಾದಲ್ಲೇ ಮಾಡಬೇಕು.

• ನವಜಾತ ಶಿಶುಗಳಲ್ಲಿ ಕಾಣುವ, ಬಿ6 ಜೀವಸತ್ವಕ್ಕೆ ಬಗ್ಗುವ ಅಪಸ್ಮಾರ. ಸಂಶಯ ಬಂದರೆ ವೈದ್ಯರು ಬಿ6 ಕೊಟ್ಟೇ ನೋಡುತ್ತಾರೆ, ಜೀನ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ.

• ಪಿಒಎಲ್‌ಜಿ ಎಂಬ ಜೀನ್‌ನ ದೋಷ. ಇದಿದ್ದವರಿಗೆ ವ್ಯಾಲ್ಪ್ರೋಯೇಟ್ ಕೊಟ್ಟರೆ ಯಕೃತ್ತು ಕೆಟ್ಟು ಜೀವಕ್ಕೇ ಅಪಾಯ.

• ಎಚ್‌ಎಲ್‌ಎ-ಬಿ 15:02 ಎಂಬ ಗುರುತು. ಇದು ಫಿಟ್ಸ್‌ನ ಕಾರಣ ಹುಡುಕುವ ಪರೀಕ್ಷೆಯಲ್ಲ. ಇದು ಇರುವವರಿಗೆ ಕಾರ್ಬಮಜೆಪಿನ್‌ನಿಂದ ಚರ್ಮ ಸುಲಿದು ಹೋಗುವ ಗಂಭೀರ ಅಲರ್ಜಿ ಆಗುವ ಅಪಾಯ ಹೆಚ್ಚು ಎಂದು 2004ರಲ್ಲಿ ತೈವಾನಿನ ಸಂಶೋಧಕರು ಕಂಡುಕೊಂಡರು.

ಒಟ್ಟಿನಲ್ಲಿ ಹೀಗೆ ಹೇಳಬಹುದು: ಫಿಟ್ಸ್ ಬಹಳ ಎಳವೆಯಲ್ಲೇ ಶುರುವಾಗಿದ್ದರೆ, ಮಗುವಿನ ಮಾತು-ನಡೆ-ಬುದ್ಧಿ ಬೆಳವಣಿಗೆ ಹಿಂದೆ ಬಿದ್ದಿದ್ದರೆ, ಎರಡು-ಮೂರು ಔಷಧಿಗೂ ಬಗ್ಗದಿದ್ದರೆ, ಮನೆಯಲ್ಲಿ ಇನ್ನೂ ಹಲವರಿಗೆ ಇದ್ದರೆ, ವೈದ್ಯರು ಜೀನ್ ಪರೀಕ್ಷೆ ಎಂದಾಗ ಗಂಭೀರವಾಗಿ ತೆಗೆದುಕೊಳ್ಳಿ. ಒಂದೇ ಮಾತ್ರೆಯಲ್ಲಿ ವರ್ಷಗಟ್ಟಲೆ ಹತೋಟಿಯಲ್ಲಿರುವ ದೊಡ್ಡವರಿಗೆ ಸಾಮಾನ್ಯವಾಗಿ ಆತುರವಿಲ್ಲ.

*ವರದಿಯಲ್ಲಿ ಏನು ಬರಬಹುದು?*

ಹಲವರು ಇದನ್ನು ಸಕ್ಕರೆ ಪರೀಕ್ಷೆಯಂತೆ "ಇದೆ ಅಥವಾ ಇಲ್ಲ" ಎಂದುಕೊಳ್ಳುತ್ತಾರೆ. ಹಾಗಲ್ಲ. ಉತ್ತರ ಮೂರು ಬಗೆ.

_ಒಂದು, ಸ್ಪಷ್ಟ ಕಾರಣ ಸಿಕ್ಕಿತು._ ಜೀನ್‌ಗಳನ್ನು ವಿಸ್ತಾರವಾಗಿ ಓದುವ ಎಕ್ಸೋಮ್ ಪರೀಕ್ಷೆಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗೆ ಉತ್ತರ ಸಿಗುತ್ತದೆ.

_ಎರಡು, ಏನೂ ಸಿಗಲಿಲ್ಲ._ ಹಾಗಂತ ವಂಶಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲ ಎಂದು ಅರ್ಥವಲ್ಲ. ಇವತ್ತಿನ ತಿಳಿವಳಿಕೆಗೆ ಸಿಕ್ಕಿಲ್ಲ ಅಷ್ಟೇ.

_ಮೂರು, ಬದಲಾವಣೆ ಕಂಡಿದೆ, ಅದರ ಅರ್ಥ ಇನ್ನೂ ತಿಳಿದಿಲ್ಲ._ ಗೊಂದಲ ಆಗುವುದು ಇಲ್ಲೇ. ನಮ್ಮೆಲ್ಲರ ಜೀನ್‌ಗಳಲ್ಲೂ ಸಾವಿರಾರು ಸಣ್ಣಪುಟ್ಟ ವ್ಯತ್ಯಾಸಗಳಿವೆ, ಬಹುಪಾಲು ನಿರುಪದ್ರವಿ. ಅರ್ಥವಾಗದ ಬದಲಾವಣೆಯನ್ನು ಕಾಯಿಲೆಯ ಕಾರಣ ಎಂದು ಓದಿಕೊಂಡು ಸಂಬಂಧ ಮುರಿಯುವುದು, ಗರ್ಭದ ಬಗ್ಗೆ ನಿರ್ಧಾರ ತೆಗೆದುಕೊಳ್ಳುವುದು ದೊಡ್ಡ ತಪ್ಪು. ಒಂದೆರಡು ವರ್ಷದ ನಂತರ ಅದೇ ವರದಿಯನ್ನು ಮತ್ತೆ ಪರಿಶೀಲಿಸಲು ಕೇಳಬಹುದು. ಮಾಹಿತಿ ಹೆಚ್ಚಿದಂತೆ ಅರ್ಥವೂ ತಿಳಿಯಾಗುತ್ತದೆ.

*"ಯಾರ ಕಡೆಯಿಂದ?"*

ಈ ಪ್ರಶ್ನೆಗೆ ವಿಜ್ಞಾನದ ಉತ್ತರ ಕೇಳಿದರೆ ಅನೇಕ ಮನೆಗಳ ಜಗಳ ನಿಲ್ಲಬಹುದು.

ಡ್ರವೆಯಂಥ ಅನೇಕ ಗಂಭೀರ ಬಗೆಗಳಲ್ಲಿ ದೋಷ ಅಪ್ಪನಲ್ಲೂ ಇರುವುದಿಲ್ಲ, ಅಮ್ಮನಲ್ಲೂ ಇರುವುದಿಲ್ಲ. ಬೀಜ ಅಥವಾ ಅಂಡ ರೂಪುಗೊಳ್ಳುವಾಗಲೋ ಭ್ರೂಣದ ಮೊದಲ ದಿನಗಳಲ್ಲೋ ಹೊಸದಾಗಿ ಆದ ಬದಲಾವಣೆ ಅದು. ಡ್ರವೆ ಮಕ್ಕಳಲ್ಲಿ ಸುಮಾರು 10ರಲ್ಲಿ 9 ಮಂದಿಯ ಕಥೆ ಇದೇ. ಅಂಥಲ್ಲಿ ಮುಂದಿನ ಮಗುವಿಗೆ ಬರುವ ಸಾಧ್ಯತೆ ಕಡಿಮೆ, ಪೂರ್ತಿ ಇಲ್ಲವೆನ್ನಲಾಗದು.

ಕೆಲವು ಬಗೆಗಳಲ್ಲಿ ದೋಷದ ಪ್ರತಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎರಡೂ ಬಂದಾಗ ಮಾತ್ರ ಕಾಯಿಲೆ. ಹೆತ್ತವರಿಬ್ಬರೂ ಆರೋಗ್ಯವಂತರು, ಇಬ್ಬರ ಪಾಲೂ ಸಮ. ಅಂಥ ದಂಪತಿಗೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಇನ್ನು ಕೆಲವು ಬಗೆಗಳಲ್ಲಿ ಒಬ್ಬರಿಂದಲೇ ಬರುತ್ತದೆ. ಮಗುವಿಗೆ ಆ ಜೀನ್ ದಾಟುವ ಸಾಧ್ಯತೆ ಅರ್ಧ. ಅಲ್ಲೂ ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಶಬ್ದ ಕೇಳಿಸಿದಂತಾಗುವ ಒಂದು ಬಗೆಯ ಫಿಟ್ಸ್‌ಗೆ ಕಾರಣವಾಗುವ ಎಲ್‌ಜಿಐ1 ಜೀನ್‌ನ ದೋಷ ಇದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಮಾತ್ರ ಫಿಟ್ಸ್ ಬರುತ್ತದೆ.

ಇಂಥ ಕುಟುಂಬಗಳ ಮನಸ್ಸನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಕೂರಿಸಿಕೊಂಡು ಕೇಳಿದ್ದಾರೆ. ಅಲ್ಲಿಯವರ ಮಾತೂ ನಮ್ಮಂತೆಯೇ ಎರಡು ಕಡೆ ಎಳೆಯಿತು. ಕಾರಣ ತಿಳಿದರೆ ನೆಮ್ಮದಿ, ಮಕ್ಕಳ ಬಗ್ಗೆ ಮುಂದಾಲೋಚನೆ ಮಾಡಬಹುದು ಎಂಬುದು ಒಂದು. ಇಡೀ ಮನೆತನಕ್ಕೆ ಹಣೆಪಟ್ಟಿ ಬಿದ್ದರೆ ಎಂಬ ಅಳುಕು ಇನ್ನೊಂದು. ನಮ್ಮಲ್ಲಿ ಇದಕ್ಕೆ ಮದುವೆಯ ಮಾತುಕತೆಯೂ ಸೇರಿಕೊಳ್ಳುತ್ತದೆ.

*ಸೋದರ ಸಂಬಂಧದ ಮದುವೆ*

ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ರೂಢಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿ ಆಗಿದೆ. ದೇಶದ ಸರಾಸರಿಗಿಂತ ಇದು ಎರಡು ಪಟ್ಟಿಗೂ ಹೆಚ್ಚು.

ಇಂಥ ದಂಪತಿಗಳಿಗೆ ಹುಟ್ಟುವ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಗಾಬರಿ ಬೇಡ. ಆದರೆ ಇಬ್ಬರಿಗೂ ಒಬ್ಬರೇ ಅಜ್ಜ-ಅಜ್ಜಿ ಇರುವುದರಿಂದ, ಅದೇ ದೋಷದ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಮೇಲೆ ಹೇಳಿದ "ಎರಡೂ ಕಡೆಯಿಂದ ಬಂದಾಗ ಮಾತ್ರ" ಎಂಬ ಬಗೆಯ ಕಾಯಿಲೆ ಇಂಥಲ್ಲಿ ಹೊರಬೀಳುತ್ತದೆ. ನಿಮ್ಮದು ಸೋದರ ಸಂಬಂಧದ ಮದುವೆಯಾಗಿದ್ದು ಮಗುವಿಗೆ ಫಿಟ್ಸ್ ಇದ್ದರೆ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಮುಂದಿನ ಮಗುವಿಗೆ ಯೋಚಿಸುವ ಮೊದಲು ಆನುವಂಶಿಕ ಸಲಹೆ ಪಡೆಯಿರಿ. ಮನೆಯಲ್ಲಿ ಇನ್ನೊಂದು ಸೋದರ ಸಂಬಂಧದ ಮದುವೆಯ ಮಾತು ನಡೆದಿದ್ದರೆ, ಆಗಲೂ ಇದು ಬೇಕು.

*ಮದುವೆ: ಕಾನೂನು ಮುಂದೆ ಹೋಗಿದೆ, ನಾವು?*

1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ ಮತ್ತೆ ಮತ್ತೆ ಬರುವ ಅಪಸ್ಮಾರವೂ ಮದುವೆಗೆ ಅಡ್ಡಿ ಎಂದಿತ್ತು. ವೈದ್ಯರು ಮತ್ತು ರೋಗಿಗಳ ಸಂಘಟನೆಗಳ ಒತ್ತಾಯದ ನಂತರ, 1999ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಇಂದು ಅಪಸ್ಮಾರ ಇದ್ದವರು ಮದುವೆಯಾಗಲು ಕಾನೂನಿನ ಅಡ್ಡಿ ಇಲ್ಲ. ಆದರೆ ಮುಚ್ಚಿಟ್ಟು ಮದುವೆ ಮಾಡಿದರೆ "ವಂಚನೆ" ಎಂಬ ವಾದ ಕೋರ್ಟಿಗೆ ಬರಬಹುದು. ಅದಕ್ಕಿಂತ ದೊಡ್ಡ ಕಷ್ಟ ಮನೆಯೊಳಗೆ: ಅತ್ತೆ ಮನೆಯಲ್ಲಿ ಮಾತ್ರೆ ಬಚ್ಚಿಡಬೇಕು, ಹೊತ್ತು ತಪ್ಪುತ್ತದೆ, ಫಿಟ್ಸ್ ಬರುತ್ತದೆ. ಮುಚ್ಚಿಟ್ಟದ್ದು ಹಾಗೆಯೇ ಬಯಲಾಗುತ್ತದೆ.

ಮೊದಲೇ ಹೇಳಿ ಮದುವೆಯಾಗಲು ಬಯಸುವವರಿಗೆ ಪುಣೆಯಲ್ಲೇ ಒಂದು ದಾರಿ ಇದೆ. ಯಶೋದಾ ವಾಕಣಕರ ಅವರು ನಡೆಸುವ ಸಂವೇದನಾ ಫೌಂಡೇಶನ್ ಅಪಸ್ಮಾರ ಇರುವವರಿಗಾಗಿ ಸ್ನೇಹ ಬಳಗವನ್ನೂ ವಧೂವರ ಕೇಂದ್ರವನ್ನೂ ಕಟ್ಟಿದೆ. ಮಾತುಕತೆ ಮರಾಠಿಯಲ್ಲಿ. ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಕಷ್ಟವಲ್ಲ.

ಒಂದು ಸಂದರ್ಭ ಊಹಿಸಿ. ಇಂಡಿ ತಾಲ್ಲೂಕಿನ ಮನೆತನ, ಪುಣೆಯಲ್ಲಿ ಕೆಲಸ ಮಾಡುವ 24ರ ಹುಡುಗಿ. ನಿದ್ದೆಗೆಟ್ಟ ಮರುದಿನ ಬೆಳಿಗ್ಗೆ ಕೈ ಜಗ್ಗಿ ಚಹಾ ಲೋಟ ಬೀಳುತ್ತಿತ್ತು, ಎರಡು ಸಲ ದೊಡ್ಡ ಫಿಟ್ಸ್ ಬಂದಿತ್ತು, ಈಗ ವ್ಯಾಲ್ಪ್ರೋಯೇಟ್ ಮಾತ್ರೆಯಲ್ಲಿ ಆರಾಮ. ಬೀಗರು "ಮಕ್ಕಳಿಗೆ ಬರುವುದಿಲ್ಲ ಅಂತ ಜೀನ್ ಟೆಸ್ಟ್ ಮಾಡಿಸಿ ತನ್ನಿ" ಅನ್ನುತ್ತಾರೆ. ಹದಿಹರೆಯದಲ್ಲಿ ಶುರುವಾಗುವ ಈ ಬಗೆಯಲ್ಲಿ ಹಲವು ಜೀನ್‌ಗಳ ಸಣ್ಣ ಸಣ್ಣ ಪಾಲು ಸೇರಿರುತ್ತದೆ. ಹೆಚ್ಚಿನವರಿಗೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, "ಬರುವುದಿಲ್ಲ" ಎಂಬ ಪ್ರಮಾಣಪತ್ರವನ್ನಂತೂ ಯಾರೂ ಕೊಡಲಾರರು.

ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇಲ್ಲಿದೆ: ಆ ಮಾತ್ರೆ. ಗರ್ಭಿಣಿಯಿದ್ದಾಗ ವ್ಯಾಲ್ಪ್ರೋಯೇಟ್ ತೆಗೆದುಕೊಂಡರೆ ಸುಮಾರು 10ರಲ್ಲಿ ಒಂದು ಮಗುವಿಗೆ ಅಂಗವೈಕಲ್ಯ, 10ರಲ್ಲಿ 3-4 ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ ಆಗುವ ಅಪಾಯವಿದೆ. ಜೀನ್‌ನ 100ಕ್ಕೆ 4-5ರ ಭಯದಲ್ಲಿ ನಾವು ಇದನ್ನು ಮರೆಯುತ್ತೇವೆ. ಮದುವೆ ನಿಶ್ಚಯವಾದ ಕೂಡಲೇ ನರರೋಗ ತಜ್ಞರ ಬಳಿ ಹೋಗಿ ಔಷಧಿ ಬದಲಿಸಬಹುದೇ, ಫೋಲಿಕ್ ಆಮ್ಲ ಯಾವಾಗ ಶುರು ಮಾಡಬೇಕು ಎಂದು ಕೇಳಬೇಕು. *ತಾವಾಗಿಯೇ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡವೇ ಬೇಡ.* ತಾಯಿಗೂ ಮಗುವಿಗೂ ಅದು ಅಪಾಯ.

ಇನ್ನೊಂದು ಮಾತು. ಫಿಟ್ಸ್ ಇಲ್ಲದ ತಂಗಿಯನ್ನು "ಮದುವೆಗೆ ಮೊದಲು ಒಂದು ಸಲ ನೋಡಿಬಿಡೋಣ" ಎಂದು ಪರೀಕ್ಷೆಗೆ ಎಳೆಯಬೇಡಿ. 18 ತುಂಬಿದ ಮೇಲೆ, ಎಲ್ಲ ಅರ್ಥ ಮಾಡಿಕೊಂಡು, ಅವಳೇ ನಿರ್ಧರಿಸಬೇಕಾದ ವಿಷಯ ಅದು.

*ವಿಮೆಯ ಪ್ರಶ್ನೆ*

ಜೀನ್ ವರದಿಯ ಆಧಾರದ ಮೇಲೆ ವಿಮೆ ಮತ್ತು ನೌಕರಿಯಲ್ಲಿ ತಾರತಮ್ಯ ಮಾಡಬಾರದು ಎಂದು ಅಮೆರಿಕದಲ್ಲಿ 2008ರಲ್ಲೇ ಕಾನೂನು ಬಂತು, ಅದೂ ಜೀವವಿಮೆಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್, ಆರೋಗ್ಯ ವಿಮೆಯಲ್ಲಿ "ಆನುವಂಶಿಕ ಕಾಯಿಲೆ" ಎಂದು ಸಾರಾಸಗಟಾಗಿ ಹೊರಗಿಡುವುದು ತಾರತಮ್ಯ ಎಂದು ತೀರ್ಪು ಕೊಟ್ಟಿದೆ. ಹಾಗಾಗಿ ನಿಮ್ಮ ಪಾಲಿಸಿಯ ಹೊರಗಿಟ್ಟ ಕಾಯಿಲೆಗಳ ಪಟ್ಟಿಯನ್ನು ಪರೀಕ್ಷೆಗೆ ಮೊದಲೇ ಓದಿಸಿಕೊಳ್ಳಿ. ಕಂಪನಿಯ ಗುಂಪು ವಿಮೆ ಇದ್ದರೆ ಅದರಲ್ಲಿ ಪರೀಕ್ಷೆಯ ಖರ್ಚು ಸಿಗುತ್ತದೆಯೇ ಎಂದೂ ಕೇಳಿ. ಅರ್ಜಿಯಲ್ಲಿ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ, ಕ್ಲೇಮು ಬಿದ್ದುಹೋಗಲು ಅದೊಂದೇ ಸಾಕು.

*ಖರ್ಚಿಲ್ಲದ ಮೊದಲ ಪರೀಕ್ಷೆ: ಊರಿಗೆ ಒಂದು ಫೋನು*

ರಕ್ತ ಕೊಡುವ ಮೊದಲು ಒಂದು ಹಾಳೆಯಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಇಲ್ಲಿ ನಾವು ಗಂಡ-ಹೆಂಡತಿ-ಮಕ್ಕಳು ಮಾತ್ರ, ಮನೆತನದ ಕಥೆ ಊರಿನ ಹಿರಿಯರ ಬಳಿ ಇದೆ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಕಡೆ ಕೇಳಿ:

• ಯಾರಿಗಾದರೂ ಫಿಟ್ಸ್, ಮೂರ್ಛೆ ಇತ್ತೇ? "ಗಾಳಿ ಸೋಕಿದೆ" ಎಂದು ಹೇಳುತ್ತಿದ್ದವರು ಇದ್ದರೇ?
• ಎಳವೆಯಲ್ಲಿ ಜ್ವರ ಬಂದಾಗ ಫಿಟ್ಸ್ ಬಂದಿತ್ತೇ? ಸ್ನಾನದಲ್ಲಿ?
• ಬಾವಿ, ಕೆರೆ, ಒಲೆಗೆ ಬಿದ್ದು ತೀರಿಕೊಂಡವರು ಇದ್ದಾರೆಯೇ? ಆಗ ಅವಘಡ ಎಂದದ್ದು ಫಿಟ್ಸ್ ಆಗಿದ್ದಿರಬಹುದು.
• ಎಳೆಯ ಮಕ್ಕಳು ತೀರಿಕೊಂಡದ್ದು, ಪದೇ ಪದೇ ಗರ್ಭಪಾತ ಆದದ್ದು ಉಂಟೇ?
• ಮಾತು, ನಡೆ, ಬುದ್ಧಿ ನಿಧಾನವಾದ ಮಕ್ಕಳು ಯಾರಾದರೂ?
• ಯಾರು ಯಾರಿಗೆ ಸೋದರ ಸಂಬಂಧದಲ್ಲಿ ಕೊಟ್ಟಿದ್ದು?

"ಯಾರಿಂದ ಬಂತು ಅಂತ ಹುಡುಕುತ್ತಿಲ್ಲ ಅಜ್ಜಿ, ಮಗುವಿಗೆ ಸರಿಯಾದ ಔಷಧಿ ಸಿಗಲಿ ಅಂತ ಕೇಳುತ್ತಿದ್ದೇನೆ" ಎಂದು ಮೊದಲೇ ಹೇಳಿ. ಆಮೇಲೆ ಅವರ ಮಾತು ತಾನಾಗಿ ಬರುತ್ತದೆ. ಈ ಒಂದು ಹಾಳೆ ನೋಡಿದರೆ ವೈದ್ಯರಿಗೆ ಯಾವ ಪರೀಕ್ಷೆ ಬೇಕು, ಬೇಕೇ ಬೇಡವೇ ಎಂಬುದು ಅರ್ಧ ತಿಳಿಯುತ್ತದೆ.

*ಹೂಂ ಅನ್ನುವ ಮೊದಲು ವೈದ್ಯರಿಗೆ ಕೇಳಿ*

1. ಉತ್ತರ ಸಿಕ್ಕರೆ ಔಷಧಿ, ಪಥ್ಯ ಅಥವಾ ಮುಂದಿನ ಮಗುವಿನ ಯೋಜನೆ ಬದಲಾಗುತ್ತದೆಯೇ?
2. ಯಾವ ಪರೀಕ್ಷೆ? ಒಟ್ಟು ಖರ್ಚೆಷ್ಟು? ತಂದೆ-ತಾಯಿಯ ರಕ್ತಕ್ಕೆ ಬೇರೆ ಹಣ ಕೊಡಬೇಕೇ?
3. ವರದಿಯನ್ನು ಯಾರು ವಿವರಿಸುತ್ತಾರೆ? ನಮಗೆ ತಿಳಿಯುವ ಭಾಷೆಯಲ್ಲಿ?
4. ಅರ್ಥವಾಗದ ಬದಲಾವಣೆ ಬಂದರೆ ಮತ್ತೆ ಯಾವಾಗ ಪರಿಶೀಲನೆ?
5. ಫಿಟ್ಸ್‌ಗೆ ಸಂಬಂಧವಿಲ್ಲದ ಬೇರೆ ಕಾಯಿಲೆಯ ಸುಳಿವು ಸಿಕ್ಕರೆ ನಮಗೆ ಹೇಳುತ್ತೀರಾ? ಬೇಡ ಅನ್ನುವ ಹಕ್ಕು ಇದೆಯೇ?
6. ವರದಿ ಯಾರ ಯಾರ ಕೈಗೆ ಹೋಗುತ್ತದೆ?

ಮೊದಲ ಪ್ರಶ್ನೆಗೆ "ಹೌದು" ಎಂಬ ಉತ್ತರ ಬಂದರೆ ಭಯಕ್ಕಾಗಿ ಬಿಡಬೇಡಿ. "ಇಲ್ಲ" ಎಂದರೆ ಸಾಲ ಮಾಡಿ ಮಾಡಿಸಬೇಡಿ. ಆನ್‌ಲೈನಿನಲ್ಲಿ ಎಂಜಲು ಕಳಿಸಿ ಮಾಡಿಸುವ ಪರೀಕ್ಷೆಗಳನ್ನು ಇದಕ್ಕೆ ನಂಬಬೇಡಿ. ಗರ್ಭದಲ್ಲಿರುವ ಮಗುವಿನ ಜೀನ್ ಪರೀಕ್ಷೆಯನ್ನು 1994ರ ಕಾಯ್ದೆಯಂತೆ ನೋಂದಾಯಿತ ಕೇಂದ್ರದಲ್ಲೇ ಮಾಡಬೇಕು, ಲಿಂಗ ತಿಳಿಸುವುದು ಅಪರಾಧ.

ಅಪರೂಪದ ಆನುವಂಶಿಕ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಮುಂಬೈನ ಕೆಇಎಂ ಆಸ್ಪತ್ರೆ ನಮಗೆ ಹತ್ತಿರದ್ದು. ಊರಿಗೆ ಹೋದಾಗ ಕನ್ನಡದಲ್ಲೇ ಮಾತಾಡಬೇಕು ಅನ್ನುವವರಿಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಮಾನವ ಆನುವಂಶಿಕತಾ ಕೇಂದ್ರ ಇವೆ. ಹೋಗುವಾಗ ಹಳೆಯ ಇಇಜಿ, ಎಂಆರ್‌ಐ, ಮಾತ್ರೆ ಚೀಟಿಗಳು, ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದ ವಿಡಿಯೋ, ವಂಶವೃಕ್ಷದ ಹಾಳೆ ಜೊತೆಗಿರಲಿ.

*ಕೊನೆಗೆ*

ಜೀನ್‌ಗಳನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ, ಆರಿಸಿ ಮಕ್ಕಳಿಗೆ ಕೊಡುವುದೂ ಇಲ್ಲ. ಸೊಸೆಯ ತವರನ್ನು ದೂರಲು, ಗಂಡನ ಮನೆತನವನ್ನು ಹಳಿಯಲು ಆ ವರದಿಯನ್ನು ಬಳಸಬೇಡಿ. ಕಾಯಿಲೆ ಇರುವ ಮಗುವಿಗೆ ಅದರಿಂದ ಏನು ಒಳ್ಳೆಯದಾಗುತ್ತದೆ ಎಂದಷ್ಟೇ ನೋಡಿ. ವರದಿ ಏನೇ ಬರಲಿ, ಬಾರದೇ ಇರಲಿ, ಇವತ್ತು ರಾತ್ರಿಯ ಮಾತ್ರೆ ತಪ್ಪದಿರಲಿ.

ಇದು ತಿಳಿವಳಿಕೆಗಾಗಿ ಬರೆದದ್ದು, ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಫಿಟ್ಸ್ ಇರುವ ಮನೆಯವರಿಗೆ ಕಳಿಸುವಾಗ ಗುಂಪಿನಲ್ಲಿ ಅವರ ಹೆಸರು ಹಾಕಬೇಡಿ, ಅವರೊಬ್ಬರಿಗೇ ಕಳಿಸಿ.